ಕ್ಯೂ ಇದೆ, ಯು ಇಲ್ಲ: ಸಣ್ಣ ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಮಾಟುಂಗದ ನಮ್ಮ ಪದದಾಟದ ಗುಂಪಿಗೆ ಹೊಸಬರು ಬಂದಾಗೆಲ್ಲ ಕೇಳುವ ಪ್ರಶ್ನೆಗಳಿವು. ಸಯನ್, ಚೆಂಬೂರು, ಡೊಂಬಿವಲಿಯಿಂದ ಬರುವ ಮಕ್ಕಳು ಕೇಳಿದ್ದೇ ಜಾಸ್ತಿ. ಅವರನ್ನು ಕರೆತರುವ ಅಮ್ಮಂದಿರು, ಅಜ್ಜಂದಿರು ಕೇಳಿದ್ದೂ ಇದೆ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟರೆ ಮನೆಯಲ್ಲಿ ನಿಧಾನವಾಗಿ ಓದಬಹುದು ಅಂತ ಈ ಪುಟ. ಇಂಗ್ಲಿಷ್ ಪದಗಳ ಅಕ್ಷರ ಬಿಡಿಸಿ, ನಡುವೆ ಅಡ್ಡಗೆರೆ ಹಾಕಿದ್ದೇನೆ. ಕ್ಯಾಟ್ ಅಂದರೆ ಸಿ-ಎ-ಟಿ, ಹಾಗೆ.

ಇದು ಯಾವ ಆಟ? ಸಣ್ಣ ಪದಗಳಿಗೆ ಇಷ್ಟು ಬೆಲೆ ಯಾಕೆ?

ನಾವು ಆಡುವುದು ಸ್ಕ್ರ್ಯಾಬಲ್. ನ್ಯೂಯಾರ್ಕ್‌ನ ಆರ್ಕಿಟೆಕ್ಟ್ ಆಲ್‌ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಇದನ್ನು ಕಟ್ಟಿದರು. ಸ್ಕ್ರ್ಯಾಬಲ್ ಅನ್ನುವ ಹೆಸರು ಬಂದದ್ದು 1948ರಲ್ಲಿ. ಹಲಗೆಯಲ್ಲಿ ಅಡ್ಡ 15, ಉದ್ದ 15 ಮನೆ. ಚೀಲದಲ್ಲಿ 100 ಬಿಲ್ಲೆ. ಅದರಲ್ಲಿ 2 ಖಾಲಿ, ಅವನ್ನು ಯಾವ ಅಕ್ಷರವಾಗಿಯೂ ಬಳಸಬಹುದು. ಒಬ್ಬೊಬ್ಬರ ಮುಂದೆ 7 ಬಿಲ್ಲೆ.

ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಬಟ್ಸ್ ಪತ್ರಿಕೆಯ ಪುಟಗಳನ್ನು ಇಟ್ಟುಕೊಂಡು ಎಣಿಸಿದರು. ಜಾಸ್ತಿ ಬರುವ ಇ-ಗೆ 12 ಬಿಲ್ಲೆ, ಅಂಕ ಬರೀ 1. ಕ್ಯೂ ಮತ್ತು ಝಡ್ ಒಂದೊಂದೇ ಬಿಲ್ಲೆ, ಅಂಕ 10. ಜೆ ಮತ್ತು ಎಕ್ಸ್‌ಗೆ 8.

ಹೊಸಬರು ಉದ್ದ ಪದಕ್ಕೆ ಕಾಯುತ್ತಾರೆ. ಆಟ ಗೊತ್ತಿದ್ದವರು ಎರಡಕ್ಷರದ ಪದದಲ್ಲಿ ಅಂಕ ಬಾಚುತ್ತಾರೆ. ಹಲಗೆಯ ಮೇಲಿರುವ ಪದಕ್ಕೆ ತಾಗಿಸಿಕೊಂಡೇ ಇನ್ನೊಂದು ಪದ ಇಡಬೇಕಾದರೆ, ತಾಗುವ ಪ್ರತಿ ಜೋಡಿಯೂ ಒಂದು ಪದ ಆಗಿರಬೇಕು. ಎರಡಕ್ಷರದ ಪದ ಗೊತ್ತಿಲ್ಲದವರಿಗೆ ಆ ಜಾಗ ಕಾಣುವುದೇ ಇಲ್ಲ. ಒಂದು ಲೆಕ್ಕ ನೋಡಿ. ಅಕ್ಷರದ ಅಂಕ ಮೂರು ಪಟ್ಟು ಮಾಡುವ ಮನೆಯಲ್ಲಿ ಕ್ಯೂ ಕೂತಿತು ಅಂದುಕೊಳ್ಳಿ. ಅಡ್ಡಕ್ಕೂ ಕ್ಯೂ-ಐ, ಉದ್ದಕ್ಕೂ ಕ್ಯೂ-ಐ ಆಯಿತು. ಒಂದೇ ಸರದಿಯಲ್ಲಿ 62 ಅಂಕ! ಅದೇ ಕ್ಯೂ ಆಟ ಮುಗಿಯುವವರೆಗೂ ಕೈಯಲ್ಲೇ ಉಳಿದರೆ ನಿಮ್ಮ ಅಂಕದಿಂದ 10 ಕಳೆಯುತ್ತಾರೆ.

ಕ್ಯೂ ಬಂದರೆ ಪಕ್ಕದಲ್ಲಿ ಯು ಬೇಕೇ ಬೇಕಲ್ವಾ? ಶಾಲೆಯಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ.

ಶಾಲೆಯಲ್ಲಿ ಹೇಳಿದ್ದು ತಪ್ಪಲ್ಲ. ದಿನಬಳಕೆಯ ಇಂಗ್ಲಿಷ್‌ಗೆ ಆ ನಿಯಮ ಸರಿಯಾಗಿಯೇ ಇದೆ. ಅದು ಹೇಗೆ ಬಂತು ಅಂದರೆ, ಹಳೆಯ ಇಂಗ್ಲಿಷ್‌ನಲ್ಲಿ ಕ್ವೀನ್ ಅನ್ನುವ ಪದವನ್ನು ಸಿ-ಡಬ್ಲ್ಯೂ ಹಾಕಿ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಆಮೇಲೆ ಬಂದ ಬರಹಗಾರರು ತಮ್ಮ ಲ್ಯಾಟಿನ್, ಫ್ರೆಂಚ್ ರೂಢಿಯಂತೆ ಕ್ಯೂ-ಯು ಬರೆಯತೊಡಗಿದರು. ಅಂದಿನಿಂದ ಅವೆರಡೂ ಜೊತೆ ಬಿಟ್ಟಿಲ್ಲ.

ಬೇರೆ ಭಾಷೆಗಳಿಂದ ಬಂದ ಪದಗಳಿಗೆ ಮಾತ್ರ ಈ ಕಟ್ಟು ಇಲ್ಲ. ಅವು ಮುಖ್ಯವಾಗಿ ಎರಡು ದಾರಿಯಲ್ಲಿ ಬಂದಿವೆ.

ಒಂದು ಚೀನೀ ದಾರಿ. ಚೀನೀ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಜಾರಿಗೆ ಬಂತು. ಅದರಲ್ಲಿ ಕ್ಯೂ ಅಂದರೆ ನಮ್ಮ ‘ಚ’ಕ್ಕೆ ಹತ್ತಿರದ ಸದ್ದು. ಕ್ಯೂ-ಐ ಅನ್ನುವುದನ್ನು ‘ಚೀ’ ಎಂದು ಓದಬೇಕು. ಮೈಯಲ್ಲಿ ಹರಿಯುವ ಜೀವಶಕ್ತಿ ಎಂದು ಅರ್ಥ. ಯೋಗದಲ್ಲಿ ಪ್ರಾಣ ಅನ್ನುತ್ತೇವಲ್ಲ, ಆ ಬಗೆಯ ಕಲ್ಪನೆ. ಆಟದಲ್ಲಿ ನಡೆಯುವ ಪದಗಳ ಅಮೆರಿಕದ ಪಟ್ಟಿಗೆ ಇದು 2006ರಲ್ಲಿ ಸೇರಿತು. ಕ್ಯೂ-ಐ-ಎನ್ ಚೀನಾದ ಒಂದು ತಂತಿವಾದ್ಯ.

ಇನ್ನೊಂದು ಅರಬ್ಬೀ ದಾರಿ, ನನಗೆ ಹೆಚ್ಚು ಪ್ರಿಯವಾದದ್ದು. ಅರಬ್ಬಿಯಲ್ಲಿ ‘ಕಾಫ್’ ಎಂಬ ಅಕ್ಷರ ಇದೆ, ಗಂಟಲಿನ ಒಳಗಿಂದ ಬರುವ ಕ. ಅದಕ್ಕೆ ಇಂಗ್ಲಿಷ್‌ನಲ್ಲಿ ಕ್ಯೂ ಹಾಕುತ್ತಾರೆ. ಮುಂಬೈಯಲ್ಲಿ ಬೆಳೆದ ಮಕ್ಕಳಿಗೆ ಈ ಪದಗಳು ಹೊಸವೇ ಅಲ್ಲ. ಹಾಜಿ ಅಲಿ ದರ್ಗಾದಲ್ಲಿ ಕೇಳುವ ಕವ್ವಾಲಿಯನ್ನು ಕ್ಯೂ-ಎ-ಡಬ್ಲ್ಯೂ-ಡಬ್ಲ್ಯೂ-ಎ-ಎಲ್-ಐ ಎಂದು ಬರೆಯುತ್ತಾರೆ. ಬುರ್ಖಾ ಬಿ-ಯು-ಆರ್-ಕ್ಯೂ-ಎ. ತಲಾಖ್ ಟಿ-ಎ-ಎಲ್-ಎ-ಕ್ಯೂ. ಫಕೀರ ಎಫ್-ಎ-ಕ್ಯೂ-ಐ-ಆರ್. ವಕ್ಫ್ ಡಬ್ಲ್ಯೂ-ಎ-ಕ್ಯೂ-ಎಫ್, ನಾಲ್ಕೇ ಅಕ್ಷರಕ್ಕೆ 19 ಅಂಕ. ಖಾಜಿ, ಅಂದರೆ ನ್ಯಾಯ ಹೇಳುವವನು, ಕ್ಯೂ-ಎ-ಡಿ-ಐ. ಸಂತೆಬೀದಿಗೆ ಎಸ್-ಯು-ಕ್ಯೂ. ಇದರಲ್ಲಿ ಯು ಇದೆ, ಆದರೆ ಕ್ಯೂಗೆ ಮುಂಚೆ ಬಂದಿದೆ. ಸುದ್ದಿಯಲ್ಲಿ, ಹಾಡಿನಲ್ಲಿ, ಪಕ್ಕದ ಮನೆಯವರ ಮಾತಿನಲ್ಲಿ ಇವು ಕಿವಿಗೆ ಬಿದ್ದಿರುತ್ತವೆ. ಬರೆಯುವ ರೀತಿ ಕಲಿತರೆ ಸಾಕು.

ಕ್ಯೂ-ಎ-ಟಿ ಒಂದು ಗಿಡ. ಅದರ ಎಲೆಯನ್ನು ಯೆಮೆನ್, ಇಥಿಯೋಪಿಯ, ಸೊಮಾಲಿಯಾ ಕಡೆ ಜಗಿಯುತ್ತಾರೆ, ಅಮಲು ಬರುತ್ತದೆ. ಕೆ-ಎ-ಟಿ, ಕೆ-ಎಚ್-ಎ-ಟಿ ಎಂದು ಬರೆದರೂ ಅದೇ ಗಿಡ.

ಇನ್ನು ಕ್ಯೂ-ಎ-ಎನ್-ಎ-ಟಿ. ಉಚ್ಚಾರ ‘ಕನಾತ್’. ಗುಡ್ಡದ ಬುಡದ ಅಂತರ್ಜಲವನ್ನು ನೆಲದೊಳಗಿನ ಸುರಂಗದಲ್ಲಿ ಊರಿಗೆ ಹರಿಸುವ ಕಾಲುವೆ. ಇರಾನಿನ ಕನಾತ್‌ಗಳು 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮ್ಮ ಬೀದರಿನಲ್ಲಿ ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ ತೋಡಿದ ಕರೇಜ್ ಇದೇ ಜಾತಿಯದು. ಜನ ಅದನ್ನು ಸುರಂಗ ಬಾವಿ ಅನ್ನುತ್ತಾರೆ. ಬೀದರ್ ಕಡೆಯ ನೆಂಟರಿದ್ದರೆ ಒಮ್ಮೆ ಹೋಗಿ ನೋಡಿ. ಆಮೇಲೆ ಈ ಪದ ಮರೆಯಲಿಕ್ಕೇ ಸಾಧ್ಯವಿಲ್ಲ.

ಅಂದ ಹಾಗೆ, ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಇಂಗ್ಲಿಷ್‌ನವರು ಹೇಳುವ ಎಫ್-ಎ-ಕ್ಯೂ ಕೂಡ ಪಟ್ಟಿಯಲ್ಲಿದೆ. ಅಂಕ 15.

ಝಡ್, ಎಕ್ಸ್, ಜೆ ಕೈಗೆ ಬಂದರೆ?

ಹೆದರಬೇಡಿ, ಖುಷಿಪಡಿ. ಕ್ಯೂ ಸೇರಿ ಈ ನಾಲ್ಕರಲ್ಲಿ ಎಕ್ಸ್ ತುಂಬಾ ಸುಲಭದ್ದು. ಒ-ಎಕ್ಸ್ ಎತ್ತು. ಎ-ಎಕ್ಸ್ ಕೊಡಲಿ, ಅಮೆರಿಕದ ಬರವಣಿಗೆ. ಇ-ಎಕ್ಸ್ ಅಂದರೆ ಹಿಂದಿನ ಗಂಡ, ಹೆಂಡತಿ ಅಥವಾ ಗೆಳೆಯ. ಎಕ್ಸ್-ಐ ಗ್ರೀಕ್ ಅಕ್ಷರ. ಎಕ್ಸ್-ಯು ವಿಯೆಟ್ನಾಮಿನಲ್ಲಿ ಹಿಂದೆ ಇದ್ದ ಚಿಲ್ಲರೆ ಹಣ, 100 ಸೇರಿದರೆ ಒಂದು ಡಾಂಗ್ ಆಗುತ್ತಿತ್ತು. ಮೂರಕ್ಷರದಲ್ಲಿ ಎಲ್-ಯು-ಎಕ್ಸ್ ಬೆಳಕು ಅಳೆಯುವ ಮಾನ. ಪಿ-ವೈ-ಎಕ್ಸ್ ಚರ್ಚಿನಲ್ಲಿ ಪವಿತ್ರ ರೊಟ್ಟಿ ಇಡುವ ಡಬ್ಬಿ, ಅಂಕ 15.

ಝಡ್-ಎ ಅಂದರೆ ಪಿಜ್ಜಾ! ಪಿಜ್ಜಾ ಪದದ ತಲೆ ಕತ್ತರಿಸಿ ಅಮೆರಿಕದ ಹುಡುಗರು ಮಾಡಿಕೊಂಡದ್ದು. ಝಡ್-ಒ ಅಂದರೆ ಯಾಕ್ ಮತ್ತು ಹಸುವಿನ ಮಿಶ್ರ ತಳಿ. ಲಡಾಖ್, ಟಿಬೆಟ್ ಕಡೆ ಹೊಲ ಉಳಲು, ಹೊರೆ ಹೊರಲು ಸಾಕುತ್ತಾರೆ. ಅದನ್ನೇ ಡಿ-ಝಡ್-ಒ ಎಂದೂ, ಝಡ್-ಎಚ್-ಒ ಎಂದೂ ಬರೆಯಬಹುದು. ಝಡ್-ಎ-ಎಕ್ಸ್ ಚಾವಣಿಗೆ ಹಾಕುವ ಕಲ್ಲಿನ ಹಲ್ಲೆಗಳನ್ನು ಕತ್ತರಿಸಿ ತೂತು ಮಾಡುವ ಉಪಕರಣ, 19 ಅಂಕ. ಎ-ಡಿ-ಝಡ್-ಇ ಬಡಗಿಯ ಬಾಚಿ. ಬಾಚಿ ಅಂದರೆ ಏನು ಅಂತ ಮುಂಬೈಯ ಮಕ್ಕಳಿಗೆ ಇಂಗ್ಲಿಷ್‌ನಲ್ಲೂ ಗೊತ್ತಿಲ್ಲ, ಕನ್ನಡದಲ್ಲೂ ಗೊತ್ತಿಲ್ಲ. ಮರ ಕೆತ್ತುವ, ಅಡ್ಡ ಅಲಗಿನ ಸಣ್ಣ ಕೊಡಲಿ ಅದು. ಊರಿಗೆ ಹೋದಾಗ ಅಜ್ಜನ ಹತ್ತಿರ ಕೇಳಿ.

ಜೆ-ಒ ಸ್ಕಾಟ್‌ಲ್ಯಾಂಡಿನಲ್ಲಿ ಪ್ರಿಯೆ ಅಥವಾ ಪ್ರಿಯಕರ. ಜೆ ಕೊನೆಗೆ ಬರುವ ಪದ ಬೇಕಾದರೆ ನಮ್ಮ ಕಡೆಗೇ ನೋಡಬೇಕು. ಹುಟ್ಟಾ ಇಂಗ್ಲಿಷ್ ಪದ ಜೆ-ಯಲ್ಲಿ ಮುಗಿಯುವುದಿಲ್ಲ. ಆ ಸದ್ದು ಕೊನೆಗೆ ಬಂದರೆ ಜಿ-ಇ ಅಥವಾ ಡಿ-ಜಿ-ಇ ಬರೆಯುತ್ತಾರೆ, ಬ್ರಿಜ್, ಕೇಜ್ ನೋಡಿ. ಜೆ-ಯಲ್ಲಿ ಮುಗಿಯುವವು ರಾಜ್, ತಾಜ್, ಹಜ್, ಸ್ವರಾಜ್. ಎಲ್ಲವೂ ಪಟ್ಟಿಯಲ್ಲಿವೆ. ಟಿ-ಎ-ಜೆ ಅಂದರೆ ಕಿರೀಟದ ಹಾಗಿರುವ ಟೊಪ್ಪಿ.

ಎ, ಇ, ಐ, ಒ, ಯು ಒಂದೂ ಇಲ್ಲದೆ ಪದ ಆಗುತ್ತಾ?

ಆಗುತ್ತದೆ. ವೈ ಸೇರಿಸಿಕೊಂಡರೆ ಬೇಕಾದಷ್ಟಿವೆ: ಎಲ್-ವೈ-ಎನ್-ಎಕ್ಸ್ ಕಾಡುಬೆಕ್ಕಿನ ಜಾತಿಯ ಪ್ರಾಣಿ, ಎಚ್-ವೈ-ಎಂ-ಎನ್ ಸ್ತುತಿಗೀತೆ, ಎಂ-ವೈ-ಟಿ-ಎಚ್ ಪುರಾಣಕಥೆ. ವೈ-ಯೂ ಬೇಡ ಅಂದರೆ ಬಾಯಿಂದ ಹೊರಡುವ ಸದ್ದುಗಳಿವೆ. ಎಸ್-ಎಚ್ ಅಂದರೆ ಸುಮ್ನಿರು. ಎಚ್-ಎಂ ಯೋಚನೆ. ಬಿ-ಆರ್-ಆರ್ ಚಳಿ. ಪಿ-ಎಸ್-ಎಸ್-ಟಿ ಮೆಲ್ಲಗೆ ಕರೆಯುವುದು. ಟಿ-ಎಸ್-ಕೆ ಲೊಚಗುಟ್ಟುವುದು. ಝಡ್ ಮೂರು ಸಲ ಬರೆದರೆ ಗೊರಕೆ. ಆದರೆ ಝಡ್ ಬಿಲ್ಲೆ ಒಂದೇ ಇರುವುದರಿಂದ ಖಾಲಿ ಬಿಲ್ಲೆ ಎರಡೂ ಖರ್ಚಾಗುತ್ತವೆ. ಅದು ಬೇಡ.

ಇವೆಲ್ಲಕ್ಕಿಂತ ಸೊಗಸಾದದ್ದು ಸಿ-ಡಬ್ಲ್ಯೂ-ಎಂ. ‘ಕೂಮ್’ ಎಂದು ಓದಬೇಕು. ವೇಲ್ಸ್ ಭಾಷೆಯಲ್ಲಿ ಡಬ್ಲ್ಯೂ ಸ್ವರದ ಕೆಲಸ ಮಾಡುತ್ತದೆ. ಅರ್ಥ ಕಣಿವೆ, ಅದರಲ್ಲೂ ಹಿಮನದಿ ಕೊರೆದ ಬಟ್ಟಲಿನಂಥ ಕಣಿವೆ. ಎವರೆಸ್ಟ್ ಹತ್ತುವವರು ಮೊದಲ ಶಿಬಿರ ದಾಟಿ ನಡೆಯುವ ದೊಡ್ಡ ಹಿಮ ಕಣಿವೆಗೆ ವೆಸ್ಟರ್ನ್ ಕೂಮ್ ಅಂತಲೇ ಹೆಸರು. 1921ರಲ್ಲಿ ಜಾರ್ಜ್ ಮ್ಯಾಲರಿ ಇಟ್ಟದ್ದು. ವೇಲ್ಸಿನ ಹಳೆಯ ತಂತಿವಾದ್ಯ ಸಿ-ಆರ್-ಡಬ್ಲ್ಯೂ-ಟಿ-ಎಚ್, ‘ಕ್ರೂತ್’, ಕೂಡ ಇದೇ ಬಗೆ.

ಕೈಯಲ್ಲಿ ಬರೀ ಸ್ವರಗಳೇ ಬಂದರೆ?

ಎ-ಐ ಅಂತ ಇಡಿ. ಈಗಿನ ಮಕ್ಕಳು ಅದು ಕಂಪ್ಯೂಟರಿನ ಎಐ ಅನ್ನುತ್ತಾರೆ. ಎಫ್-ಎ-ಕ್ಯೂ ಹಾಗೆ ಪದವೇ ಆಗಿಹೋಗದ ಸಂಕ್ಷೇಪಗಳಿಗೆ ಆಟದಲ್ಲಿ ಜಾಗ ಇಲ್ಲ. ಇದು ದಕ್ಷಿಣ ಅಮೆರಿಕದ, ಮೂರು ಉಗುರಿನ ಸ್ಲಾತ್ ಎಂಬ ನಿಧಾನದ ಪ್ರಾಣಿ. ಮರಾಠಿ ಶಾಲೆಯ ಮಕ್ಕಳು ಇದನ್ನು ‘ಆಯಿ’ ಎಂದು ಓದಿ ನೆನಪಿಟ್ಟುಕೊಂಡಿದ್ದಾರೆ. ಅದು ಒಳ್ಳೆಯ ಉಪಾಯವೇ. ಉಚ್ಚಾರವೂ ಅಷ್ಟೇನೂ ದೂರ ಇಲ್ಲ.

ಎ-ಎ ಅಂದರೆ ಒರಟಾಗಿ, ಚೂಪುಚೂಪಾಗಿ ಗಟ್ಟಿಯಾದ ಲಾವಾ. ಹವಾಯಿ ದ್ವೀಪದ ಪದ. ನಾವು ನಿಂತ ನೆಲಕ್ಕೂ ಇದಕ್ಕೂ ನಂಟಿದೆ. ಮುಂಬೈ, ಪುಣೆಯ ಕಪ್ಪು ಕಲ್ಲೆಲ್ಲ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅಂಧೇರಿಯ ಗಿಲ್ಬರ್ಟ್ ಹಿಲ್ ಎಂಬ ನೆಟ್ಟಗಿನ ಕಲ್ಲಿನ ಕಂಬ ನೋಡಿದವರಿಗೆ ಬೆಂಕಿ ಹರಿದ ನೆಲ ಇದು ಅಂತ ನಂಬುವುದು ಕಷ್ಟವಾಗಲಾರದು.

ಐದಕ್ಷರದ ಆಟ ವರ್ಡಲ್ ಆಡುವವರು ಎ-ಡಿ-ಐ-ಇ-ಯು ಇಂದ ಶುರುಮಾಡುತ್ತಾರಲ್ಲ, ಅದು ವಿದಾಯ ಹೇಳುವ ಪದ. ನಾಲ್ಕು ಸ್ವರ ಒಟ್ಟಿಗೇ ಖಾಲಿ ಆಗುತ್ತವೆ. ಬರೀ ಸ್ವರಗಳೇ ಇರುವ ಆರಕ್ಷರದ ಪದವೂ ಒಂದಿದೆ: ಇ-ಯು-ಒ-ಯು-ಎ-ಇ. ಚರ್ಚಿನ ಲ್ಯಾಟಿನ್ ಪ್ರಾರ್ಥನೆಯ ಕೊನೆಯ ಪದಗಳಿಂದ ಸ್ವರಗಳನ್ನಷ್ಟೇ ಆರಿಸಿ ಮಾಡಿದ ಗುರುತು ಅದು.

ಎಗ್ ಅನ್ನಲು ಎರಡು ಜಿ ಯಾಕೆ? ಒಂದೇ ಸಾಕಲ್ವಾ?

ಎರಡನೇ ಕ್ಲಾಸಿನ ಮಗುವೊಂದು ಕೇಳಿದ್ದು ಇದು. ನನ್ನ ಮಟ್ಟಿಗೆ ಈ ಪುಟದ ಅತಿ ಒಳ್ಳೆಯ ಪ್ರಶ್ನೆ.

ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ರೂಢಿ ಇದೆ. ವಸ್ತು, ಕೆಲಸ, ಗುಣ ಹೇಳುವ ಪದಕ್ಕೆ ಕನಿಷ್ಠ ಮೂರು ಅಕ್ಷರ ಇರಬೇಕು. ಎರಡೇ ಅಕ್ಷರದ ಬರವಣಿಗೆ ವ್ಯಾಕರಣದ ಸಣ್ಣ ಪದಗಳಿಗೆ ಮೀಸಲು: ಇನ್, ಟು, ಬೈ, ಬಿ, ಆಫ್, ವಿ ಇಂಥವಕ್ಕೆ. ಹಾಗಾಗಿ ಒಳಗೆ ಅನ್ನುವ ಇನ್‌ಗೆ ಎರಡು ಅಕ್ಷರ, ತಂಗುವ ಮನೆ ಇನ್‌ಗೆ ಎನ್ ಇನ್ನೊಂದು. ಇರು ಅನ್ನುವ ಬಿ-ಗೆ ಎರಡು, ಜೇನುನೊಣದ ಬೀ-ಗೆ ಇ ಇನ್ನೊಂದು. ಕಡೆಗೆ ಅನ್ನುವ ಟು-ಗೆ ಎರಡು, ಅಂಕೆ ಎರಡಕ್ಕೆ ನಡುವೆ ಸದ್ದಿಲ್ಲದ ಡಬ್ಲ್ಯೂ. ಕೂಡಿಸು ಅನ್ನುವ ಆ್ಯಡ್, ಬೆಸ ಸಂಖ್ಯೆಯ ಆಡ್, ತಪ್ಪು ಮಾಡು ಅನ್ನುವ ಅರ್, ಎಗ್ ಎಲ್ಲವೂ ಕೊನೆಯ ಅಕ್ಷರ ಎರಡು ಸಲ ಬರೆದು ಮೂರಾದವು.

ಆ ಸಾಲಿನಲ್ಲೇ ಇ-ಬಿ-ಬಿ ಇದೆ, ಸಮುದ್ರದ ಇಳಿತ. ಮಳೆಗಾಲದಲ್ಲಿ ಭರತಿಯ ಹೊತ್ತಿಗೇ ಜೋರು ಮಳೆ ಬಂದರೆ ಹಳಿ ಮುಳುಗಿ ಲೋಕಲ್ ನಿಲ್ಲುತ್ತದೆ ಅಂತ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಇ-ಬಿ-ಬಿ ಶುರುವಾದ ಮೇಲೆ ನೀರು ಇಳಿಯುತ್ತದೆ ಎಂದು ಹೇಳಿದರೆ ಪದ ತಾನಾಗಿಯೇ ಮನಸ್ಸಿನಲ್ಲಿ ಕೂರುತ್ತದೆ.

ರೂಢಿ ಮುರಿದವೂ ಇವೆ. ಗೋ, ಡು, ಎತ್ತು ಅನ್ನುವ ಆಕ್ಸ್ ಎರಡೇ ಅಕ್ಷರದಲ್ಲಿ ಮುಗಿದಿವೆ. ಕೊಡಲಿಗೆ ಬ್ರಿಟನ್ನಿನವರು ಇ ಸೇರಿಸುತ್ತಾರೆ, ಅಮೆರಿಕದವರು ಬಿಡುತ್ತಾರೆ.

ವಿ ಇರುವ ಎರಡಕ್ಷರದ ಪದ ಯಾವುದು?

ಒಂದೂ ಇಲ್ಲ. ಹುಡುಕಬೇಡಿ. ಸಿ ಇರುವುದೂ ಸಿ-ಎಚ್ ಒಂದೇ, ‘ನಾನು’ ಅನ್ನುವ ಅರ್ಥದ ಹಳೆಯ ಪ್ರಾಂತೀಯ ಪದ. ಮೊದಲು ಯು ಮತ್ತು ವಿ ಒಂದೇ ಅಕ್ಷರದ ಎರಡು ರೂಪ. ಕೊನೆಯಲ್ಲಿ ವಿ ಬಂದರೆ ಗೊಂದಲ ಆಗದಿರಲಿ ಎಂದು ಇ ಸೇರಿಸುತ್ತಿದ್ದರು. ಗಿವ್, ಹ್ಯಾವ್, ಲವ್ ಇವುಗಳ ಬಾಲದಲ್ಲಿ ಇ ಉಳಿದದ್ದು ಹಾಗೆ. ಮೂರಕ್ಷರದಲ್ಲಿ ಆರ್-ಇ-ವಿ ಇದೆ, ಗಾಡಿಯ ಎಂಜಿನ್ ರೇಸ್ ಮಾಡುವುದು. ಎಲ್-ಇ-ವಿ ಬಲ್ಗೇರಿಯಾದವರು ಬಹುಕಾಲ ಬಳಸಿದ ಹಣ.

ಇಡ್ಲಿ, ದೋಸೆ ಇಡಬಹುದಾ?

ಧಾರಾಳವಾಗಿ. ಐ-ಡಿ-ಎಲ್-ಐ ಇದೆ, ಡಿ-ಒ-ಎಸ್-ಎ ಇದೆ. ಇಡ್ಲಿಗೆ ಬರೀ 5 ಅಂಕ, ಆದರೆ ಎರಡು ಐ ಒಟ್ಟಿಗೆ ಖಾಲಿ ಮಾಡಿಕೊಡುವ ಪದ ಸಿಗುವುದು ಕಷ್ಟ. ಸುಮಾರು ಕ್ರಿ.ಶ. 920ರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಎಂದು ಬರುತ್ತದೆ. ಸಾವಿರ ವರ್ಷಕ್ಕೂ ಹಳೆಯ ಕನ್ನಡ ಪದದ ಮೊಮ್ಮಗು ಕಿಂಗ್ಸ್ ಸರ್ಕಲ್‌ನ ಹೋಟೆಲ್ ತಟ್ಟೆಯಲ್ಲೂ ಇದೆ, ಇಂಗ್ಲಿಷ್ ಆಟದ ಹಲಗೆಯಲ್ಲೂ ಇದೆ. ಇದನ್ನು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಆರ್-ಎ-ಜಿ-ಐ ಕೂಡ ಇದೆ, ನಮ್ಮ ರಾಗಿಯೇ. ಡಾಲ್ ಅನ್ನು ಡಿ-ಎ-ಎಲ್, ಡಿ-ಎಚ್-ಎ-ಎಲ್, ಡಿ-ಎ-ಎಚ್-ಎಲ್ ಹೇಗೆ ಬರೆದರೂ ನಡೆಯುತ್ತದೆ. ತುಪ್ಪ ಜಿ-ಎಚ್-ಐ ಅಥವಾ ಜಿ-ಎಚ್-ಇ-ಇ. ರೋಟಿ, ಪೂರಿ, ಲಕ್ಷ, ಕೋಟಿ, ಧೋತಿ, ಬೇವಿನ ನೀಮ್ ಎಲ್ಲ ಇವೆ. ಎ-ಎನ್-ಎನ್-ಎ ಅಂದರೆ ಗಲ್ಲೆಯಲ್ಲಿ ಕೂರುವ ಅಣ್ಣನಾ ಅಂತ ಕೇಳುತ್ತಾರೆ. ಅಲ್ಲ, ಅದು ಆಣೆ. ರೂಪಾಯಿಗೆ 16 ಆಣೆ, 1957ರಲ್ಲಿ ನಯಾ ಪೈಸೆ ಬರುವವರೆಗೆ ಇತ್ತು. ಅಜ್ಜಂದಿರು ಈಗಲೂ ಹದಿನಾರಾಣೆ ಸತ್ಯ ಅನ್ನುವುದು ಅದನ್ನೇ ಹಿಡಿದು.

ಕರಾವಳಿಯಿಂದ ಪೋರ್ಚುಗೀಸರ ಹಡಗು ಹತ್ತಿ ಹೋದ ಪದಗಳದ್ದು ಬೇರೆಯೇ ಗುಂಪು. ಸಿ-ಒ-ಪಿ-ಆರ್-ಎ, ಕೊಬ್ಬರಿ. ಎ-ಆರ್-ಇ-ಸಿ-ಎ, ಅಡಿಕೆ. ಟಿ-ಇ-ಎ-ಕೆ, ತೇಗ. ಇವು ಇಂಗ್ಲಿಷ್‌ಗೆ ಮಲಯಾಳಂ ಕಡೆಯಿಂದ ಹೋದವು, ಆದರೆ ನಮ್ಮ ಪದಗಳ ಒಡಹುಟ್ಟಿದವೇ. ಡಿ-ಎಚ್-ಒ-ಎಲ್-ಇ ಅಂದರೆ ಸೀಳುನಾಯಿ. ಅದು ಕನ್ನಡದ ತೋಳ ಪದದಿಂದ ಬಂದಿರಬಹುದು ಅನ್ನುವ ಅಭಿಪ್ರಾಯ ಇದೆ. ಪದ ಕೇಳಿದರೆ ನಿಮಗೂ ಹಾಗೇ ಅನ್ನಿಸುತ್ತದೆ.

ಊರಿನ ಹೆಸರು ಇಡಬಹುದಾ?

ಹೆಸರುಗಳಿಗೆ ಜಾಗ ಇಲ್ಲ. ಮುಂಬೈ ಇಡಲಾಗದು, ಪುಣೆ ಇಡಲಾಗದು. ಆದರೆ ಜಿ-ಒ-ಎ ಇಡಬಹುದು! ಅದು ಟಿಬೆಟಿನ ಒಂದು ಜಿಂಕೆಯಂಥ ಪ್ರಾಣಿ, ನಮ್ಮ ಗೋವಾ ಅಲ್ಲ. ಪಿ-ಯು-ಎನ್-ಎ ಕೂಡ ಇದೆ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಮೇಲಿನ ಬೋಳು ಬಯಲು. ಮುಂಬೈಯವರಿಗೂ ಒಂದು ಉಂಟು, ಸ್ವಲ್ಪ ಉದ್ದದ್ದು: ಡಂಗರೀ ಎಂಬ ಒರಟು ಬಟ್ಟೆಗೆ ಹೆಸರು ಬಂದದ್ದು ನಮ್ಮ ಡೋಂಗ್ರಿಯಿಂದ.

ಅರ್ಥ ಯಾಕೆ ಕಲಿಯಬೇಕು? ಅಕ್ಷರ ನೆನಪಿದ್ದರೆ ಸಾಕಲ್ವಾ?

ಗೆಲ್ಲಲಿಕ್ಕೆ ಅಷ್ಟು ಸಾಕು. ಅದನ್ನು ಮುಚ್ಚಿಡುವುದಿಲ್ಲ. ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬರದಿದ್ದರೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಇಂಗ್ಲಿಷ್‌ನಲ್ಲಿ ಅವರ ಮೊದಲ ವಿಶ್ವ ಪ್ರಶಸ್ತಿ 2007ರದ್ದು, ಅದು ನಡೆದದ್ದು ನಮ್ಮ ಮುಂಬೈಯಲ್ಲೇ.

ಅವರ ನೆನಪಿನ ಶಕ್ತಿ ಲಕ್ಷಕ್ಕೊಬ್ಬರಿಗೂ ಇರುವುದಿಲ್ಲ. ನಮ್ಮಂಥವರಿಗೆ ಬರೀ ಅಕ್ಷರ ಒಂದು ವಾರ ನಿಲ್ಲುತ್ತದೆ, ಕಥೆ ಇದ್ದ ಪದ ವರ್ಷಗಟ್ಟಲೆ ನಿಲ್ಲುತ್ತದೆ. ಅದಕ್ಕೂ ಹೆಚ್ಚಾಗಿ, ಕ್ಯೂ-ಎ-ಎನ್-ಎ-ಟಿ ಅಂದರೆ 14 ಅಂಕ ಅಂತಷ್ಟೇ ಗೊತ್ತಿರುವ ಮಗುವಿಗೂ, ಬೀದರಿನ ನೆಲದೊಳಗೆ ನೀರು ಹರಿಯುವ ಸುರಂಗ ಅಂತ ಗೊತ್ತಿರುವ ಮಗುವಿಗೂ ತುಂಬಾ ವ್ಯತ್ಯಾಸ ಇದೆ. ಎರಡನೆಯ ಮಗು ನಮಗೆ ಬೇಕು. ಅದಕ್ಕೇ ನಮ್ಮ ಗುಂಪಿನಲ್ಲಿ ಒಂದು ನಿಯಮ: ಹೊಸ ಪದ ಇಟ್ಟವರು ಅರ್ಥ ಹೇಳಬೇಕು. ಗೊತ್ತಿಲ್ಲದಿದ್ದರೆ ಅಂಕ ಕಳೆಯುವುದಿಲ್ಲ, ಎಲ್ಲರೂ ಕೂಡಿ ಹುಡುಕುತ್ತೇವೆ.

ಯಾವ ಪಟ್ಟಿ ಸರಿ? ಆಟದ ನಡುವೆ ಜಗಳ ಆಗುತ್ತದೆ.

ಭಾರತದ ಟೂರ್ನಮೆಂಟುಗಳಲ್ಲಿ ಕಾಲಿನ್ಸ್ ಪಟ್ಟಿ ಬಳಸುತ್ತಾರೆ. ಅದರಲ್ಲಿ ಸುಮಾರು 2,80,000 ಪದಗಳಿವೆ. ಎರಡಕ್ಷರದವು 120ಕ್ಕೂ ಜಾಸ್ತಿ. ಒ-ಕೆ ಸೇರಿದ್ದು 2019ರಲ್ಲಿ. ಅಮೆರಿಕದ ಪಟ್ಟಿ ಬೇರೆ, ಸ್ವಲ್ಪ ಚಿಕ್ಕದು. ಝಡ್-ಒ ಅಲ್ಲಿ ನಡೆಯುವುದಿಲ್ಲ. ಆಟ ಶುರುಮಾಡುವ ಮೊದಲೇ ಯಾವ ಪಟ್ಟಿ ಎಂದು ಮಾತಾಡಿಕೊಳ್ಳಿ, ಜಗಳ ಬರುವುದಿಲ್ಲ.

ಒಬ್ಬ ಅಮ್ಮ ಕೇಳಿದ್ದರು, ಕೆಟ್ಟ ಪದಗಳೂ ಇರುತ್ತವಾ ಅಂತ. ಬೈಗುಳಗಳು ಕೆಲವು ಇವೆ. ಜನಾಂಗ, ಧರ್ಮದ ಹೆಸರಲ್ಲಿ ಹೀಯಾಳಿಸುವ ಸುಮಾರು 400 ಪದಗಳನ್ನು 2021ರಲ್ಲಿ ತೆಗೆದರು. ಅದು ಒಳ್ಳೆಯದಾಯಿತು.

ಇದನ್ನು ಕಲಿತರೆ ಮಗುವಿಗೆ ಇಂಗ್ಲಿಷ್ ಮಾತು ಬರುತ್ತಾ?

ಬರುವುದಿಲ್ಲ. ಸಿ-ಡಬ್ಲ್ಯೂ-ಎಂ ಗೊತ್ತಿದ್ದರೆ ಬ್ಯಾಂಕಿನಲ್ಲಿ, ಇಂಟರ್‌ವ್ಯೂನಲ್ಲಿ ಏನೂ ಉಪಯೋಗವಿಲ್ಲ. ಮಾತು ಬರುವುದು ಮಾತಾಡುವುದರಿಂದ, ಓದುವುದರಿಂದ. ಪಾಲಿಕೆಯ ಕನ್ನಡ ಶಾಲೆಯಿಂದ ಬರುವ ಮಕ್ಕಳಲ್ಲಿ ಬೇರೊಂದು ಬದಲಾವಣೆ ನೋಡಿದ್ದೇನೆ. ಇಂಗ್ಲಿಷ್ ಸ್ಪೆಲಿಂಗ್ ಅಂದರೆ ಮುದುಡುತ್ತಿದ್ದ ಮಕ್ಕಳು ‘ಇದು ಯಾಕೆ ಹೀಗಿದೆ’ ಎಂದು ಕೇಳಲು ಶುರುಮಾಡುತ್ತಾರೆ. ಆ ಭಯ ಹೋಗುವುದು ಸಣ್ಣ ಲಾಭ ಅಲ್ಲ.

ಒಂದೇ ಅಕ್ಷರಗಳಿಂದ ಎಷ್ಟು ಪದ ಮಾಡಬಹುದು?

ಕೆಲವು ಗುಂಪುಗಳು ತುಂಬಾ ಉದಾರ. ಒ, ಪಿ, ಎಸ್, ಟಿ ಹಿಡಿಯಿರಿ: ಸ್ಟಾಪ್, ಸ್ಪಾಟ್, ಪೋಸ್ಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್, ಆರು ಪದ. ಎ, ಇ, ಟಿ ಮೂರರಲ್ಲಿ ಈಟ್, ಏಟ್, ಟೀ, ಜೊತೆಗೆ ಗ್ರೀಕ್ ಅಕ್ಷರ ಈಟಾ.

ಟೀ ಬಗ್ಗೆ ಒಂದು ಮಾತು. ಚೀನಾದಲ್ಲಿ ಆ ಎಲೆಗೆ ಬಹಳ ಕಡೆ ‘ಚಾ’ ಅನ್ನುತ್ತಾರೆ, ಫುಜಿಯನ್ ಕರಾವಳಿಯಲ್ಲಿ ‘ತೆ’ ಅನ್ನುತ್ತಾರೆ. ಆ ಕರಾವಳಿಯ ಮಾತನ್ನು ಡಚ್ ವ್ಯಾಪಾರಿಗಳು ಯುರೋಪಿಗೆ ಒಯ್ದರು, ಟೀ ಆಯಿತು. ಪರ್ಶಿಯನ್ ನಾಡು ಹಾದು ಬಂದದ್ದು ಚಾಯ್ ಆಯಿತು. ಟಿ-ಇ-ಎ, ಸಿ-ಎಚ್-ಎ, ಸಿ-ಎಚ್-ಎ-ಐ ಮೂರೂ ಪಟ್ಟಿಯಲ್ಲಿವೆ. ಕಟಿಂಗ್ ಕುಡಿಯುತ್ತ ಹೇಳಿಕೊಡಲು ಹೇಳಿ ಮಾಡಿಸಿದ ಪಾಠ.

ಇಷ್ಟೆಲ್ಲ ನೆನಪಿಡುವುದು ಹೇಗೆ?

ಪಟ್ಟಿಯನ್ನು ಎ-ಯಿಂದ ಝಡ್‌ವರೆಗೆ ಓದಬೇಡಿ. ಗುಂಪು ಮಾಡಿಕೊಳ್ಳಿ. ಸಂಗೀತ ಕಲಿಯುವ ಮಕ್ಕಳಿಗೆ ನಾನು ಮೊದಲು ಡೋ, ರೇ, ಮೀ, ಫಾ, ಸೋ, ಲಾ, ಟೀ ಹೇಳಿಕೊಡುತ್ತೇನೆ. ಪಾಶ್ಚಾತ್ಯರ ಸರಿಗಮ. ಏಳು ಸ್ವರವೂ ಎರಡಕ್ಷರದ ಪದಗಳೇ. ಗಣಿತ ಇಷ್ಟಪಡುವವರಿಗೆ ಗ್ರೀಕ್ ಅಕ್ಷರಗಳು: ಪಿ-ಐ, ಎಂ-ಯು, ಎನ್-ಯು, ಎಕ್ಸ್-ಐ. ಅಜ್ಜಿಯರಿಗೆ ಒ-ಎಂ, ನಮ್ಮ ಓಂಕಾರ. ಬಿ-ಎ ಮತ್ತು ಕೆ-ಎ ಎರಡೂ ಹಳೆಯ ಈಜಿಪ್ಟಿನವರು ನಂಬಿದ್ದ ಆತ್ಮದ ರೂಪಗಳು, ಜೋಡಿಯಾಗಿ ಕಲಿಯಿರಿ. ಟಿ-ಎ ಬ್ರಿಟನ್ನಿನಲ್ಲಿ ಥ್ಯಾಂಕ್ಸ್. ‘ತಾ’ ಅಂದಾಗ ಕೊಟ್ಟರೆ ಆಮೇಲೆ ಹೇಳುವ ಮಾತು ಎಂದು ನೆನಪಿಡಿ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಗೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸುವುದು ಇಲ್ಲಿವರೆಗೆ ನಾನು ಕಂಡ ಒಳ್ಳೆಯ ದಾರಿ. ಲೋಕಲ್‌ನಲ್ಲಿ ಕೂರಲು ಸೀಟು ಸಿಕ್ಕರೆ ಒಂದು ಗುಂಪು ಮನಸ್ಸಿನಲ್ಲೇ ಹೇಳಿಕೊಳ್ಳಿ.

ಇದನ್ನೇ ಕನ್ನಡದಲ್ಲಿ ಆಡಬಹುದಾ?

ಆಡುತ್ತೇವೆ. ಗುಣಿತ, ಒತ್ತಕ್ಷರ ಎಲ್ಲದಕ್ಕೂ ಬಿಲ್ಲೆ ಮಾಡಿದರೆ ಸಾವಿರಾರು ಆಗುತ್ತವೆ. ಅದಕ್ಕೆ ನಾವು ರಟ್ಟಿನ ಬಿಲ್ಲೆಯಲ್ಲಿ ಮೂಲ ಅಕ್ಷರ ಮಾತ್ರ ಬರೆದಿದ್ದೇವೆ. ಗುಣಿತ ಆಡುವವರ ಇಷ್ಟ. ಮ, ರ ಎರಡು ಬಿಲ್ಲೆ ಬಂದರೆ ಮರ, ಮರಿ, ಮರೆ, ಮಾರು, ಮಾರಿ, ಮುರಿ, ಮೂರು, ಮೀರು, ಮೊರೆ, ಮೋರಿ. ಇಲ್ಲಿ ಅಜ್ಜಿಯರೇ ಗೆಲ್ಲುವುದು. ಮೊರ ಅಂದರೆ ಏನು ಅಂತ ಮಕ್ಕಳು ಕೇಳಿದಾಗ, ಮರಾಠಿಯಲ್ಲಿ ಸೂಪ್ ಅನ್ನುತ್ತಾರಲ್ಲ, ಅಕ್ಕಿ ಕೇರುವುದು, ಅಂತ ಅವರೇ ಹೇಳಿಕೊಡುತ್ತಾರೆ.

ಬರುವಾಗ ಏನು ತರಬೇಕು? ಎಷ್ಟು ವಯಸ್ಸಾಗಿರಬೇಕು?

ಇಂಗ್ಲಿಷ್ ಅಕ್ಷರ ಗುರುತು ಹಿಡಿಯಲು ಬಂದರೆ ಸಾಕು, ವಯಸ್ಸಿನ ಕಟ್ಟು ಇಲ್ಲ. ಬಿಲ್ಲೆ, ಹಲಗೆ ನಮ್ಮಲ್ಲಿವೆ. ಒಂದು ನೋಟ್‌ಬುಕ್, ಪೆನ್ನು ತನ್ನಿ. ಫೋನು ಆಟದ ಹೊತ್ತಿನಲ್ಲಿ ಚೀಲದಲ್ಲಿರಲಿ. ಅನುಮಾನ ಬಂದರೆ ಸರದಿ ಮುಗಿದ ಮೇಲೆ ಒಬ್ಬರೇ ತೆಗೆದು ನೋಡುತ್ತಾರೆ.